ಸಿಎಫ್‌ಒ ಆಗಲು ಸಿಎ ಕಡ್ಡಾಯವೇ?

‘ಕಂಪನಿಯ ಸಿಎಫ್‌ಒ (ಮುಖ್ಯ ಹಣಕಾಸು ಅಧಿಕಾರಿ) ಆಗಲು ಕಾನೂನಿನ ಪ್ರಕಾರ ಸಿಎ (ಚಾರ್ಟರ್ಡ್ ಅಕೌಂಟೆಂಟ್) ಆಗಿರಲೇಬೇಕು, ಎಂಬಿಎ ಫೈನಾನ್ಸ್ ಮಾಡಿದರೆ ದುಡ್ಡು ದಂಡ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತದೆ. ಇದು ನಿಜವಲ್ಲ.

2013ರ ಕಂಪನಿ ಕಾಯ್ದೆಯ 203ನೇ ಸೆಕ್ಷನ್, ಷೇರುಪೇಟೆಯಲ್ಲಿ ನೋಂದಾಯಿತ ಕಂಪನಿಗಳಿಗೆ ಸಿಎಫ್‌ಒ ಬೇಕು ಎನ್ನುತ್ತದೆ. ಅವರ ಪದವಿ ಯಾವುದಿರಬೇಕೆಂದು ಹೇಳುವುದಿಲ್ಲ. ಮೈಕ್ರೋಸಾಫ್ಟ್‌ನಲ್ಲಿ 2013ರಿಂದ ಈ ಹುದ್ದೆಯಲ್ಲಿರುವ ಏಮಿ ಹುಡ್ ಹಾರ್ವರ್ಡ್‌ನ ಎಂಬಿಎ ಪದವೀಧರೆ.

ಗೊಂದಲ ಹುಟ್ಟಿದ್ದು ಬಹುಶಃ ಆಡಿಟ್‌ನಿಂದ. ಕಂಪನಿಯ ಶಾಸನಬದ್ಧ ಆಡಿಟ್ ವರದಿಗೆ ಸಹಿ ಹಾಕುವ ಅಧಿಕಾರ ಸಿಎಗೆ ಮಾತ್ರ. ಎಂಬಿಎ ಅದನ್ನು ಕೊಡುವುದಿಲ್ಲ. ಬ್ಯಾಂಕುಗಳ ಸಿಎಫ್‌ಒಗಳ ಅರ್ಹತೆಗಂತೂ ರಿಸರ್ವ್ ಬ್ಯಾಂಕಿನ ಪ್ರತ್ಯೇಕ ನಿಯಮಗಳಿವೆ.

ಎಂಬಿಎ ಕಲಿಸುವುದು ಮುಂದಿನ ಲೆಕ್ಕವನ್ನು. ಹೊಸ ಯಂತ್ರಕ್ಕೆ ಹಣ ಹೂಡಬೇಕೆ? ಸಾಲ ತರುವುದೋ, ಷೇರು ಮಾರುವುದೋ? ಬಂಡವಾಳದ ವೆಚ್ಚ (ಹೂಡುವ ಹಣಕ್ಕೆ ವರ್ಷಕ್ಕೆ ತೆರಬೇಕಾದ ದರ) ಶೇ 10 ಇದ್ದರೆ, ಒಂದು ವರ್ಷದ ನಂತರ ಬರುವ ₹110 ಇವತ್ತಿನ ₹100ಕ್ಕಷ್ಟೇ ಸಮ. ಯಂತ್ರ ಐದಾರು ವರ್ಷ ತರುವ ಆದಾಯವನ್ನೆಲ್ಲ ಹೀಗೆ ಇಳಿಸಿ ಕೂಡಿದಾಗ ಅದರ ಬೆಲೆಗಿಂತ ಕಡಿಮೆ ಬಂದರೆ, ಲಾಭದಂತೆ ಕಾಣುವ ಖರೀದಿಯೂ ನಷ್ಟವೇ.

ಹಾಗೆಂದು ಪದವಿ ಸಿಕ್ಕ ಕೂಡಲೇ ಯಾರೂ ಸಿಎಫ್‌ಒ ಕುರ್ಚಿ ಕೊಡುವುದಿಲ್ಲ. ಖಜಾನೆ, ಬಜೆಟ್ ವಿಭಾಗಗಳಲ್ಲಿ ವರ್ಷಗಟ್ಟಲೆ ದುಡಿಯಬೇಕು. ಭಾರತದ ಹಲವು ಕಂಪನಿಗಳು ಇಂದಿಗೂ ಸಿಎಗಳನ್ನೇ ಬಯಸುತ್ತವೆ. ಅದು ಅವರ ಆಯ್ಕೆ, ಕಾಯ್ದೆಯ ಷರತ್ತಲ್ಲ.