ಕೊಪ್ಪಳದ ಆಡು ನೀಲಗಿರಿ ತಾರ್ ವಂಶದ್ದಲ್ಲ

ಬಂಡೆ ಹತ್ತುವ ಆಡುಗಳ ವಿಡಿಯೊವೊಂದು ಕೊಪ್ಪಳ, ಗಂಗಾವತಿ ಕಡೆಯ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿದೆ. ‘ನಮ್ಮ ಆಡುಗಳು ನೀಲಗಿರಿ ತಾರ್ ವಂಶದವು, ಡಿಎನ್‌ಎ ಪರೀಕ್ಷೆಯಲ್ಲಿ ಸಾಬೀತಾಗಿದೆ’ ಎಂಬ ಒಕ್ಕಣೆ ಅದರದು. ತಾರ್ ಎಂದರೆ ಬೆಟ್ಟಗಳಲ್ಲಿ ಬದುಕುವ, ಆಡಿನಂತೆ ಕಾಣುವ ಕಾಡುಪ್ರಾಣಿ. ಡಿಎನ್‌ಎ ಹೇಳಿದ್ದೇ ಬೇರೆ.

ಹಿಮಾಲಯ, ಅರೇಬಿಯಾ, ನೀಲಗಿರಿ ಮೂರೂ ಕಡೆಯ ತಾರ್‌ಗಳನ್ನು ಬಹುಕಾಲ ಹೆಮಿಟ್ರಾಗಸ್ ಎಂಬ ಒಂದೇ ಕುಲಕ್ಕೆ ಸೇರಿಸಿದ್ದರು. ಕಡಿದಾದ ಬೆಟ್ಟದ ಬದುಕು, ಹಿಂದಕ್ಕೆ ಬಾಗಿದ ಗಿಡ್ಡ ಕೊಂಬು. ಕಣ್ಣಿಗೆ ಒಂದೇ ಮನೆತನ. 2005ರಲ್ಲಿ ವಿಜ್ಞಾನಿಗಳಾದ ಆನ್ ರೋಪಿಕೆ ಮತ್ತು ಅಲೆಕ್ಸಾಂಡ್ರ್ ಹಸ್ಸನಿನ್ ಜೀನ್‌ಗಳನ್ನು ಹೋಲಿಸಿದಾಗ ಆ ಕುಲ ಮೂರು ಪಾಲಾಯಿತು. ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯದ ಡಿಎನ್‌ಎ ತಾಯಿಯ ಕಡೆಯ ವಂಶವನ್ನಷ್ಟೇ ಹೇಳುತ್ತದೆ. ಹಾಗಾಗಿ ಕೋಶಕೇಂದ್ರದ ಜೀನ್‌ಗಳನ್ನೂ ನೋಡಿದ್ದರು. ಹಿಮಾಲಯದ ತಾರ್ ಮಾತ್ರ ಆಡಿಗೆ ಹತ್ತಿರ. ಅರೇಬಿಯಾದ್ದು ಉತ್ತರ ಆಫ್ರಿಕಾದ ಬಾರ್ಬರಿ ಕುರಿಗೆ, ನೀಲಗಿರಿಯದು ಕುರಿ ಕುಲಕ್ಕೆ!

ನಮ್ಮ ಸಾಕು ಆಡಿನ ಮೂಲ ಪಶ್ಚಿಮ ಏಷ್ಯಾದ ಬೆಜೋರ್ ಕಾಡಾಡು. ಅದನ್ನು ಪಳಗಿಸಿ ಸುಮಾರು 10,000 ವರ್ಷವಾಯಿತು. ಬಳ್ಳಾರಿಯ ಸಂಗನಕಲ್ಲಿನಲ್ಲಿ ನವಶಿಲಾಯುಗದವರೂ ಆಡು, ಕುರಿ ಸಾಕಿದ್ದರು. ನೀಲಗಿರಿ ತಾರ್ ಈಗ ಇರುವುದು ಕೇರಳ, ತಮಿಳುನಾಡಿನಲ್ಲಷ್ಟೇ.

ಹಾಗೆಂದು ‘ಕೆಂಗುರಿ ತಾರ್‌ನ ಮಗು’ ಎಂದು ನಮ್ಮ ಕಡೆಯ ಕುರಿ ತಳಿಯ ಬಗ್ಗೆ ಇನ್ನೊಂದು ಒಕ್ಕಣೆ ಹರಿಬಿಡಬೇಡಿ. ಸಾಕು ಕುರಿಯ ಮೂಲ ಏಷ್ಯಾದ ಮೌಫ್ಲನ್ ಎಂಬ ಕಾಡುಕುರಿ. ನೀಲಗಿರಿ ತಾರ್ ಅದಕ್ಕೆ ದಾಯಾದಿ, ಅದೂ ಕುರಿಯನ್ನು ಪಳಗಿಸುವುದಕ್ಕೆ ಎಷ್ಟೋ ಲಕ್ಷ ವರ್ಷ ಮೊದಲೇ ಬೇರೆಯಾದದ್ದು.