ಟಿ.ವಿ. ತೋರಿಸದ ಇಳಿಜಾರು

ಕಂಪ್ಯೂಟರ್ ಗಾಲ್ಫ್ ಆಟಗಳಿಗೆ ಅಭಿಮಾನಿಗಳು ಕಟ್ಟುವ ಅಂಗಳಗಳನ್ನು ಆ ಆಟಗಳ ಬಗ್ಗೆ ಲೇಖನ ಬರೆದವರು ‘ಗಿಡಮರಗಳ ಅಲಂಕಾರ’ ಎಂದು ಒಂದೇ ಸಾಲಿನಲ್ಲಿ ತಳ್ಳಿಹಾಕಿದ್ದು ಸರಿ ಕಾಣಲಿಲ್ಲ. ಅಲಂಕಾರ ಕೊನೆಯ ಕೆಲಸ, ಸ್ವಾಮಿ. ‘ಲಿಂಕ್ಸ್ 2001’ ಆಟದ ಜೊತೆ ಬಂದ, ಅಂಗಳ ಕಟ್ಟುವ ತಂತ್ರಾಂಶವಾದ ಅರ್ನಾಲ್ಡ್ ಪಾಮರ್ ಕೋರ್ಸ್ ಡಿಸೈನರ್‌ನಲ್ಲಿ ಒಂದೇ ಒಂದು ಗ್ರೀನ್ (ಚೆಂಡು ಬೀಳಬೇಕಾದ ಕುಳಿಯ ಸುತ್ತಲಿನ ನುಣುಪು ಹುಲ್ಲುನೆಲ) ಕಟ್ಟಲು ನಾನು ನಾಲ್ಕು ಭಾನುವಾರ ಕಳೆದಿದ್ದೇನೆ. ನೋಡಲು ಚೆಂದವಾಗಿಯೇ ಇತ್ತು. ಆಡಲು ಹೋದರೆ, ಚೆಂಡು ಎಲ್ಲಿ ಬಿದ್ದರೂ ಮೆಲ್ಲಗೆ ಉರುಳಿ ಎಡಗಡೆಯ ಮರಳುಗುಂಡಿಗೇ ಸೇರುತ್ತಿತ್ತು! ಇಳಿಜಾರನ್ನು ಕೂದಲೆಳೆಯಷ್ಟು ತಗ್ಗಿಸುತ್ತಾ ಹೋದ ಮೇಲೆ ಕೊನೆಗೂ ನಿಂತಿತು.

ಅಮೆರಿಕದ ಆಗಸ್ಟಾ ನ್ಯಾಷನಲ್ ಅಂಗಳವನ್ನೇ ನೋಡಿ. ಅದರ 10ನೇ ಹೋಲ್ ಮೊದಲ ಹೊಡೆತ ಹೊಡೆಯುವ ಟೀಯಿಂದ ಗ್ರೀನ್‌ವರೆಗೆ 100 ಅಡಿಗೂ ಹೆಚ್ಚು ಇಳಿಯುತ್ತದೆ. ಟಿ.ವಿ.ಯಲ್ಲಿ ಅದು ಬಹುಮಟ್ಟಿಗೆ ಚಪ್ಪಟೆ. ಬರೀ ಚಿತ್ರ ನೋಡಿ ಕಟ್ಟುತ್ತಿದ್ದ ಕಾಲದಲ್ಲಿ ಎಲ್ಲರೂ ಎಡವುತ್ತಿದ್ದುದು ಇಲ್ಲೇ. ಈಗ ಅಲ್ಲಿನ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ಲೈಡಾರ್ ದತ್ತಾಂಶ, ಅಂದರೆ ವಿಮಾನದಿಂದ ಲೇಸರ್ ಬಿಟ್ಟು ಅಳೆದ ನೆಲದ ಏರುತಗ್ಗು, ಉಚಿತವಾಗಿ ಸಿಗುತ್ತದೆ. ‘ಜಿಎಸ್‌ಪ್ರೊ’ ಎಂಬ ಕಂಪ್ಯೂಟರ್ ಗಾಲ್ಫ್ ಆಟಕ್ಕೆ ಅಂಗಳ ಕಟ್ಟುವವರು ಅದನ್ನೇ ತಳಪಾಯ ಮಾಡಿಕೊಳ್ಳುತ್ತಾರೆ. ಹಾಗೆಂದು ಕೆಲಸ ಮುಗಿಯಿತೇ? ಮರಳುಗುಂಡಿಯ ಅಂಚು, ಹುಲ್ಲಿನ ಗಡಿ ಎಲ್ಲವನ್ನೂ ಕೈಯಲ್ಲೇ ಗೆರೆ ಎಳೆದು ತಿದ್ದಬೇಕು.

ವಿಡಿಯೊ ಗೇಮ್ ತಯಾರಿಸುವ ಇ.ಎ. ಸಂಸ್ಥೆ 2023ರಲ್ಲಿ ಹೊರತಂದ ‘ಪಿಜಿಎ ಟೂರ್’ನಲ್ಲಿ ಅಧಿಕೃತ ಆಗಸ್ಟಾ ಇತ್ತು, ಆದರೆ ಆಡುವವರೇ ಅಂಗಳ ಕಟ್ಟುವ ಸೌಲಭ್ಯವೇ ಇರಲಿಲ್ಲ. ನಾನಂತೂ ಅದನ್ನು ಕೊಳ್ಳಲಿಲ್ಲ.