ಸತ್ಯಾಂಶ: ಸೂರ್ಯ-ಚಂದ್ರ ಕೆತ್ತಿದ ಕಲ್ಲಿನ ಕೆಳಗೆ ನಿಧಿ ಇರುತ್ತಾ?

"ಸೂರ್ಯ-ಚಂದ್ರ ಇರುವ ಕಲ್ಲಿನ ಅಡಿ ಚಿನ್ನ ಇರುತ್ತೆ, ಮ್ಯೂಸಿಯಂನವರು ಅದನ್ನೇ ಹುಡುಕಿಕೊಂಡು ಬರೋದು." ಮಲೆನಾಡಿನ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುವ ಈ ಮಾತು ಸುಳ್ಳು.

ಶಿಕಾರಿಪುರ, ಸೊರಬದ ಕಡೆ ಇಂಥ ವೀರಗಲ್ಲುಗಳು, ಅಂದರೆ ಹೋರಾಡಿ ಸತ್ತ ವೀರರ ನೆನಪಿಗೆ ನಿಲ್ಲಿಸಿದ ಕಲ್ಲುಗಳು, ಬೇಕಾದಷ್ಟಿವೆ. ಸಾಮಾನ್ಯವಾಗಿ ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗ. ಊರಿನ ದನಗಳನ್ನು ಕಳ್ಳರಿಂದ ಬಿಡಿಸಲು ಹೋಗಿ ಸತ್ತವರಿಗೂ ಕಲ್ಲು ನಿಲ್ಲಿಸಿದ್ದಾರೆ. ಸೂರ್ಯ-ಚಂದ್ರರಿರುವ ತನಕ ಈ ನೆನಪು ಉಳಿಯಲಿ ಅನ್ನುವುದೇ ಆ ಗುರುತಿನ ಅರ್ಥ. ದಾನ ಕೊಟ್ಟದ್ದನ್ನು ಕೆತ್ತಿಸಿದ ದಾನಶಾಸನಗಳಲ್ಲೂ ಅದರ ಅರ್ಥ ಅದೇ. ಚಿನ್ನ ಹೂತಿಟ್ಟವರು ಮೇಲೆ ಗುರುತು ಕೆತ್ತಿಸುತ್ತಾರಾ ಹೇಳಿ!

ಹಾಗಾದರೆ ಮ್ಯೂಸಿಯಂನ ಪುರಾತತ್ವಜ್ಞರು ಬರುವುದು ಯಾಕೆ? ಕಲ್ಲಿನ ಮೇಲೆ ಕೆತ್ತಿದ ಅಕ್ಷರಕ್ಕಾಗಿ. ಕಲ್ಲು ತೊಳೆದು, ಒದ್ದೆ ಕಾಗದ ಹಚ್ಚಿ, ಬ್ರಷ್‌ನಿಂದ ಬಡಿದು, ಮಸಿ ಒತ್ತಿ ಅಚ್ಚು ತೆಗೆಯುತ್ತಾರೆ. ಆಮೇಲೆ ಸವೆದ ಒಂದೊಂದೇ ಅಕ್ಷರ ಓದುತ್ತಾ ಕೂರಬೇಕು. ನೋಡುವವರಿಗೆ ಬೇಜಾರಿನ ಕೆಲಸವೇ, ಬಿಡಿ. ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯ ನಿರ್ದೇಶಕರಾಗಿದ್ದ ಬಿ.ಎಲ್. ರೈಸ್ ಶಿವಮೊಗ್ಗ ಜಿಲ್ಲೆಯ ಶಾಸನಗಳನ್ನು 1902 ಮತ್ತು 1904ರಲ್ಲಿ ಎರಡು ಸಂಪುಟಗಳಾಗಿ ಪ್ರಕಟಿಸಿದ್ದರ ಹಿಂದೆ ಇಂಥದ್ದೇ ದುಡಿಮೆ ಇದೆ.

ನಿಧಿ ಆಸೆಗೆ ಸುಮ್ನೆ ಅಗೆದರೆ ಕಲ್ಲು ಒಡೆಯುತ್ತದೆ, ಪೊಲೀಸ್ ಕೇಸೂ ಆಗುತ್ತದೆ. ವೀರಗಲ್ಲು ಹತ್ತಿರದಿಂದ ನೋಡಬೇಕಾದರೆ ಶಿವಮೊಗ್ಗದ ಶಿವಪ್ಪನಾಯಕ ಅರಮನೆಯ ಮ್ಯೂಸಿಯಂಗೆ ಹೋಗಿ.